ಅಂಗಳದಲ್ಲಿ ದೂರದರ್ಶಕ, ಒಳಮನೆಯಲ್ಲಿ ಪರದೆ: ಕ್ಯಾಮೆರಾ ಮತ್ತು ದೂರನಿಯಂತ್ರಣದ ವ್ಯವಸ್ಥೆ ಕಟ್ಟುವ ಬಗೆ

ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವ ಖಗೋಳವಿಜ್ಞಾನಿಗಳು ಕುಳಿತಿರುವುದು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ. ನಡುವೆ ಇರುವುದು ಉಪಗ್ರಹದ ಸಂಪರ್ಕ. ಹೊಸಕೋಟೆಯಿಂದ ಹೊರಡುವುದು ಯಾವ ನಕ್ಷತ್ರದ ಕಡೆಗೆ ತಿರುಗಬೇಕು, ಎಷ್ಟು ಹೊತ್ತು ಬೆಳಕು ಹಿಡಿಯಬೇಕು ಎಂಬ ಆಜ್ಞೆ ಮಾತ್ರ. ನಕ್ಷತ್ರವನ್ನು ಕ್ಷಣಕ್ಷಣಕ್ಕೂ ಹಿಂಬಾಲಿಸುವ, ಕ್ಯಾಮೆರಾದ ದತ್ತಾಂಶವನ್ನು ಮೊದಲು ಬರೆದಿಡುವ ಕೆಲಸವನ್ನು ಹಾನ್ಲೆಯ ಕಂಪ್ಯೂಟರುಗಳೇ ಮಾಡಬೇಕಾಗುತ್ತದೆ. ನಮ್ಮ ಕಾಸರಗೋಡಿನ ಬದಿಯಡ್ಕದಲ್ಲೋ ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಮನೆಯಂಗಳದಲ್ಲಿ 5 ಅಂಗುಲದ ದೂರದರ್ಶಕವನ್ನು ನಿಲ್ಲಿಸಿ, ಚಳಿ ಮತ್ತು ಸೊಳ್ಳೆಯಿಂದ ದೂರವಾಗಿ ಒಳಗೆ ಕುಳಿತು ಅದನ್ನು ನಡೆಸಬೇಕೆಂದಿರುವವರಿಗೂ ಇದೇ ತತ್ತ್ವ ಸಾಕು: ತಡವಾದರೆ ಕೆಡುವ ಕೆಲಸಗಳೆಲ್ಲ ದೂರದರ್ಶಕದ ಬುಡದಲ್ಲಿಯೇ ನಡೆಯಬೇಕು, ತಡವಾದರೂ ನಡೆಯುವ ಕೆಲಸಗಳು ಮಾತ್ರ ದೂರದಿಂದ ಬರಬೇಕು. ಯಾವ ಕೇಬಲ್ ಎಲ್ಲಿಗೆ ಹೋಗಬೇಕು, ಯಾವ ಕಂಪ್ಯೂಟರ್ ಎಲ್ಲಿರಬೇಕು ಎಂಬ ಪ್ರಶ್ನೆಗಳು ಈ ಒಂದು ಮಾತಿನಿಂದಲೇ ಬಹುಪಾಲು ಬಗೆಹರಿಯುತ್ತವೆ.

ಹೊಸದಾಗಿ ಕೈಹಾಕುವವರು ಸಾಮಾನ್ಯವಾಗಿ ಯೋಚಿಸುವ ಕ್ರಮ ಇದಕ್ಕೆ ವಿರುದ್ಧವಾಗಿರುತ್ತದೆ. ಕಂಪ್ಯೂಟರ್ ಕೋಣೆಯಲ್ಲಿದೆ, ಕ್ಯಾಮೆರಾ ಅಂಗಳದಲ್ಲಿದೆ, ಆದ್ದರಿಂದ ನಡುವೆ ಉದ್ದನೆಯ ಯುಎಸ್‌ಬಿ ಕೇಬಲ್ ಎಳೆಯೋಣ ಎಂದುಕೊಳ್ಳುತ್ತಾರೆ. ಯುಎಸ್‌ಬಿ 2 ಕೇಬಲಿನ ಮಿತಿ 5 ಮೀಟರ್; ಯುಎಸ್‌ಬಿ 3 ಆದರೆ ಸುಮಾರು 3 ಮೀಟರ್ ದಾಟಿದ ಮೇಲೆ ನಂಬಿಕೆಗೆ ಅರ್ಹವಲ್ಲ. ತೋಟದ ಮನೆಗಳಲ್ಲಿ ಒಳಕೋಣೆಯಿಂದ ಆಕಾಶ ತೆರೆದಿರುವ ಜಾಗಕ್ಕೆ 20–30 ಮೀಟರ್ ಇರುವುದು ಸಹಜ. ಅಷ್ಟು ದೂರಕ್ಕೆ ನಡುನಡುವೆ ವರ್ಧಕಗಳನ್ನಿಟ್ಟು ಯುಎಸ್‌ಬಿಯನ್ನು ಒಯ್ಯಬಹುದಾದರೂ, ರಾತ್ರಿ ಒಂದು ಗಂಟೆಗೆ ಕ್ಯಾಮೆರಾ ಕಂಪ್ಯೂಟರಿನ ಕಣ್ಣಿಗೆ ಬೀಳದಂತಾದಾಗ ದೋಷ ಯಾವ ಕೂಡುಗೆಯಲ್ಲಿದೆ ಎಂದು ಹುಡುಕುವುದು ಬಲು ಕಷ್ಟ. ಇದಕ್ಕೆ ಬದಲು, ಒಂದು ಹಳೆಯ ಲ್ಯಾಪ್‌ಟಾಪನ್ನೋ ಪುಟ್ಟ ಮಿನಿ ಪಿಸಿಯನ್ನೋ ರಾಸ್ಪ್‌ಬೆರಿ ಪೈಯನ್ನೋ ದೂರದರ್ಶಕದ ಕಂಬದ ಬುಡದಲ್ಲಿ ಇಟ್ಟು, ಎಲ್ಲ ಯುಎಸ್‌ಬಿ ಕೇಬಲುಗಳನ್ನು ಒಂದು ಮೀಟರಿನೊಳಗೆ ಮುಗಿಸಿ, ಅಲ್ಲಿಂದ ಮನೆಯವರೆಗೆ ನೆಟ್‌ವರ್ಕ್ ಕೇಬಲ್ ಎಳೆಯಬೇಕು. ಈಥರ್ನೆಟ್ ಕೇಬಲ್ 100 ಮೀಟರಿನವರೆಗೆ ನಿಶ್ಚಿಂತೆಯಿಂದ ಕೆಲಸ ಮಾಡುತ್ತದೆ. ಮನೆಯೊಳಗಿನ ಕಂಪ್ಯೂಟರ್ ಆಗ ಕೇವಲ ಪರದೆ ಮತ್ತು ಕೀಲಿಮಣೆಯ ಪಾತ್ರ ವಹಿಸುತ್ತದೆ. ಅದನ್ನು ಮುಚ್ಚಿಟ್ಟು ಊಟಕ್ಕೆ ಹೋದರೂ ಅಂಗಳದಲ್ಲಿ ಚಿತ್ರೀಕರಣ ನಡೆಯುತ್ತಲೇ ಇರುತ್ತದೆ.

ವೈಫೈ ಸಾಲದೇ ಎಂದು ಕೇಳುವವರಿದ್ದಾರೆ. ಮೇಲಿನ ಕ್ರಮವನ್ನು ಪಾಲಿಸಿದರೆ ವೈಫೈ ಕಡಿದುಹೋದರೂ ಅನಾಹುತವಿಲ್ಲವಾದ್ದರಿಂದ ಆರಂಭಕ್ಕೆ ಸಾಕಾಗಬಹುದು. ಆದರೆ ಮುರಕಲ್ಲಿನ ದಪ್ಪ ಗೋಡೆಗಳು ಸಂಕೇತವನ್ನು ಬಹಳವಾಗಿ ಕುಗ್ಗಿಸುತ್ತವೆ. ಅದಲ್ಲದೆ ಯುಎಸ್‌ಬಿ 3 ಉಪಕರಣಗಳಿಂದ ಸೂಸುವ ವಿದ್ಯುತ್ ಗದ್ದಲವು 2.4 ಗಿಗಾಹರ್ಟ್ಸ್ ವೈಫೈಯ ಆವರ್ತನದ ಮೇಲೆಯೇ ಬೀಳುತ್ತದೆ. ಕ್ಯಾಮೆರಾ ಜೋಡಿಸಿದೊಡನೆ ವೈಫೈ ಮಂಕಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಕೇಬಲ್ ಎಳೆಯಲು ಸಾಧ್ಯವಿದ್ದವರು ಎಳೆಯುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಆದರೆ ತಾಮ್ರದ ಕೇಬಲ್ ಎಂದೊಡನೆ ನಮ್ಮ ಕಡೆ ಸಿಡಿಲನ್ನು ನೆನೆಯಲೇಬೇಕು. ಏಪ್ರಿಲ್–ಮೇ ತಿಂಗಳ ಸಂಜೆಯ ಮಳೆಗಳಲ್ಲಿಯೂ ಅಕ್ಟೋಬರ್–ನವೆಂಬರಿನ ಹಿಂಗಾರಿನಲ್ಲಿಯೂ ಕರಾವಳಿ ಮತ್ತು ಘಟ್ಟದ ತಪ್ಪಲಿನಲ್ಲಿ ಗುಡುಗು–ಸಿಡಿಲು ವಿಪರೀತ. ಬಯಲಲ್ಲಿ ನಿಂತ ಲೋಹದ ಕಂಬದಿಂದ ಮನೆಯ ರೌಟರಿಗೆ ಬರುವ ತಾಮ್ರದ ತಂತಿ, ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದಾಗ ಉಂಟಾಗುವ ವಿದ್ಯುತ್ ಉಬ್ಬರವನ್ನು ನೇರವಾಗಿ ಮನೆಯೊಳಕ್ಕೆ ತರಬಲ್ಲದು. ಇದಕ್ಕೆ ಉತ್ತಮ ಉಪಾಯವೆಂದರೆ ವಿದ್ಯುತ್ ಸಂಕೇತವನ್ನು ಬೆಳಕಿಗೂ ಬೆಳಕನ್ನು ಮತ್ತೆ ವಿದ್ಯುತ್ ಸಂಕೇತಕ್ಕೂ ಬದಲಿಸುವ ಮೀಡಿಯಾ ಕನ್ವರ್ಟರನ್ನು ಅಂಗಳದಲ್ಲೊಂದು, ಮನೆಯಲ್ಲೊಂದು ಇಟ್ಟು ನಡುವಿನ ದೂರವನ್ನು ಲೋಹದ ಎಳೆಯಿಲ್ಲದ ಆಪ್ಟಿಕಲ್ ಫೈಬರಿನಲ್ಲಿ ಕ್ರಮಿಸುವುದು. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ತು ಹರಿಯುವುದಿಲ್ಲ. ಹಾಗಿದ್ದರೂ ಬಳಸದ ಹೊತ್ತಿನಲ್ಲಿ ಕಂಬದ ಬಳಿಯ ಪ್ಲಗ್ಗುಗಳನ್ನು ಕಿತ್ತಿಡುವ ಅಭ್ಯಾಸವನ್ನು ಬಿಡಬಾರದು.

ವಿದ್ಯುತ್ತಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ತಂತ್ರಾಂಶದ ತಪ್ಪೆಂದು ಕಾಣುವ ತೊಂದರೆಗಳಲ್ಲಿ ಹಲವು ನಿಜವಾಗಿ ವೋಲ್ಟೇಜಿನ ತೊಂದರೆಗಳು. ದೂರದರ್ಶಕವನ್ನು ತಿರುಗಿಸುವ ಮೌಂಟ್, ತಂಪುಗೊಳಿಸುವ ಕ್ಯಾಮೆರಾ, ಮಿನಿ ಪಿಸಿ, ಇಬ್ಬನಿ ತಡೆಯುವ ಹೀಟರ್ ಪಟ್ಟಿ, ಇವೆಲ್ಲ ಹೆಚ್ಚಾಗಿ 12 ವೋಲ್ಟ್ ನೇರವಿದ್ಯುತ್ತಿನಲ್ಲಿ ನಡೆಯುತ್ತವೆ, ಮತ್ತು ಒಟ್ಟಾಗಿ ಸರಾಸರಿ 5 ಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಳ್ಳೋಣ. ಎಂಟು ಗಂಟೆಗಳ ರಾತ್ರಿಗೆ 40 ಆಂಪಿಯರ್–ಗಂಟೆ ಬೇಕಾಯಿತು. ಮನೆಯ ಇನ್ವರ್ಟರಿಗೆ ಹಾಕುವ 150 ಆಂಪಿಯರ್–ಗಂಟೆಯ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡದೆ ಇದನ್ನು ನಡೆಸಬಹುದು. ಆದರೆ ಬ್ಯಾಟರಿಯನ್ನು ಮನೆಯಲ್ಲಿಟ್ಟು 20 ಮೀಟರ್ ದೂರದ ಕಂಬಕ್ಕೆ 1.5 ಚದರ ಮಿಲಿಮೀಟರಿನ ಸಾಮಾನ್ಯ ವೈರಿನಲ್ಲಿ 12 ವೋಲ್ಟ್ ಕಳುಹಿಸಿದರೆ, ಹೋಗಿ ಬರುವ 40 ಮೀಟರ್ ತಾಮ್ರದ ರೋಧ ಸುಮಾರು 0.48 ಓಮ್ ಆಗುತ್ತದೆ. 5 ಆಂಪಿಯರಿಗೆ 2.4 ವೋಲ್ಟ್ ದಾರಿಯಲ್ಲಿಯೇ ಕಳೆದುಹೋಗಿ ಮೌಂಟಿಗೆ 9.6 ವೋಲ್ಟ್ ಮಾತ್ರ ತಲುಪುತ್ತದೆ. ಅಷ್ಟು ಕಡಿಮೆ ಒತ್ತಡದಲ್ಲಿ ಮೌಂಟಿನ ಮೋಟಾರ್ ವೇಗವಾಗಿ ತಿರುಗುವಾಗ ತಡವರಿಸುತ್ತದೆ, ಯುಎಸ್‌ಬಿ ಹಬ್ ಮರುಚಾಲನೆಗೊಳ್ಳುತ್ತದೆ. ಬ್ಯಾಟರಿಯನ್ನು ಕಂಬದ ಹತ್ತಿರ, ಮಳೆ–ಇಬ್ಬನಿ ತಾಗದ ಪೆಟ್ಟಿಗೆಯಲ್ಲಿಟ್ಟು, ಒಂದು ರೆಗ್ಯುಲೇಟರಿನ ಮೂಲಕ ಸ್ಥಿರವಾದ 12 ವೋಲ್ಟನ್ನು ಕೊಡುವುದೇ ಸರಿಯಾದ ಕ್ರಮ. ಚಾರ್ಜ್ ಆಗುತ್ತಿರುವ ಬ್ಯಾಟರಿಯ ವೋಲ್ಟೇಜ್ 14ನ್ನು ದಾಟುವುದರಿಂದ ರೆಗ್ಯುಲೇಟರ್ ಇಲ್ಲದೆ ಕ್ಯಾಮೆರಾವನ್ನು ಜೋಡಿಸುವುದು ಅಪಾಯಕರ. ಬೇಸಗೆಯಲ್ಲಿ ತೋಟಕ್ಕೆ ನೀರು ಬಿಡುವ ಪಂಪುಗಳು ರಾತ್ರಿ ಚಾಲೂ ಆದಾಗ ಲೈನಿನ ವೋಲ್ಟೇಜ್ ಕುಸಿಯುವುದು ಇಲ್ಲಿ ಎಲ್ಲರಿಗೂ ಗೊತ್ತು. ಬ್ಯಾಟರಿಯ ಮೇಲೆ ನಡೆಯುವ ವ್ಯವಸ್ಥೆಗೆ ಅದರ ಅರಿವೂ ಆಗುವುದಿಲ್ಲ.

ಇನ್ನು ಕ್ಯಾಮೆರಾ. ದೂರದರ್ಶಕಕ್ಕೆ ಯಾವ ಕ್ಯಾಮೆರಾ ಹೊಂದುತ್ತದೆ ಎಂಬುದನ್ನು ಬೆಲೆಯಿಂದಾಗಲಿ ಮೆಗಾಪಿಕ್ಸೆಲಿನಿಂದಾಗಲಿ ನಿರ್ಧರಿಸಬಾರದು. ಒಂದು ಪಿಕ್ಸೆಲ್ ಆಕಾಶದ ಎಷ್ಟು ಭಾಗವನ್ನು ನೋಡುತ್ತದೆ ಎಂಬ ಒಂದೇ ಸಂಖ್ಯೆ ಬಹುಮಟ್ಟಿಗೆ ಅದನ್ನು ತೀರ್ಮಾನಿಸುತ್ತದೆ. ಒಂದು ಡಿಗ್ರಿಯ 3600ನೆಯ ಒಂದು ಪಾಲನ್ನು ವಿಕಲೆ ಎನ್ನುತ್ತೇವೆ. ಪಿಕ್ಸೆಲಿನ ಅಗಲವನ್ನು ಮೈಕ್ರೋಮೀಟರಿನಲ್ಲಿ ತೆಗೆದುಕೊಂಡು 206.265ರಿಂದ ಗುಣಿಸಿ, ದೂರದರ್ಶಕದ ಸಂಗಮದೂರವನ್ನು, ಅಂದರೆ ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ದೂರವನ್ನು, ಮಿಲಿಮೀಟರಿನಲ್ಲಿ ತೆಗೆದುಕೊಂಡು ಭಾಗಿಸಿದರೆ ಪ್ರತಿ ಪಿಕ್ಸೆಲಿಗೆ ಎಷ್ಟು ವಿಕಲೆ ಎಂಬುದು ಸಿಗುತ್ತದೆ. 130 ಮಿಲಿಮೀಟರ್ ಕನ್ನಡಿಯ, 650 ಮಿಲಿಮೀಟರ್ ಸಂಗಮದೂರದ ನ್ಯೂಟನ್ ಮಾದರಿಯ ದೂರದರ್ಶಕಕ್ಕೆ 3.76 ಮೈಕ್ರೋಮೀಟರ್ ಪಿಕ್ಸೆಲಿನ, 3008ಕ್ಕೆ 3008 ಪಿಕ್ಸೆಲಿನ ಚೌಕ ಸಂವೇದಕವನ್ನು ಹಾಕಿದರೆ ಪ್ರತಿ ಪಿಕ್ಸೆಲಿಗೆ ಸುಮಾರು 1.2 ವಿಕಲೆ ಬರುತ್ತದೆ, ಒಟ್ಟು ಚಿತ್ರದ ಅಗಲ ಹತ್ತಿರ ಹತ್ತಿರ ಒಂದು ಡಿಗ್ರಿ. ಅರ್ಧ ಡಿಗ್ರಿಯ ಚಂದ್ರ ಇದರಲ್ಲಿ ಆರಾಮವಾಗಿ ಹಿಡಿಸುತ್ತಾನೆ, ಮಹಾವ್ಯಾಧನ ನೀಹಾರಿಕೆ ಸೊಗಸಾಗಿ ಕೂರುತ್ತದೆ. ಮೂರು ಡಿಗ್ರಿ ಉದ್ದದ ಆಂಡ್ರೊಮಿಡಾ ಗೆಲಾಕ್ಸಿಯ ನಡುಭಾಗ ಮಾತ್ರ ಸಿಗುತ್ತದೆ. ವಾತಾವರಣದ ಕಂಪನವೇ ನಕ್ಷತ್ರದ ಬಿಂಬವನ್ನು ಎರಡು–ಮೂರು ವಿಕಲೆಗೆ ಹಿಗ್ಗಿಸುವುದರಿಂದ ನೀಹಾರಿಕೆಗಳ ಚಿತ್ರೀಕರಣಕ್ಕೆ ಇದಕ್ಕಿಂತ ಸೂಕ್ಷ್ಮವಾದ ಅಳತೆಯಿಂದ ಲಾಭವಿಲ್ಲ. ಹೀಗೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ ಮೇಲೆಯೇ ಹಣ ಕೊಡಬೇಕು.

ಕಣ್ಣಿನಿಂದ ನೋಡಲೆಂದು ಮಾಡಿದ ಅಗ್ಗದ ನ್ಯೂಟನ್ ದೂರದರ್ಶಕಗಳಲ್ಲಿ ಇನ್ನೊಂದು ತೊಡಕಿದೆ. ಬಿಂಬವನ್ನು ಚೂಪಾಗಿಸಲು ಒಳಕ್ಕೆ ಹೊರಕ್ಕೆ ಸರಿಸುವ ಅವುಗಳ ಫೋಕಸರನ್ನು ಪೂರ್ತಿ ಒಳಕ್ಕೆ ತಳ್ಳಿದರೂ ಡಿಎಸ್‌ಎಲ್‌ಆರ್ ಕ್ಯಾಮೆರಾದ ಸಂವೇದಕ ಸಂಗಮಬಿಂದುವನ್ನು ತಲುಪುವುದಿಲ್ಲ, ಏಕೆಂದರೆ ಅದರ ಸಂವೇದಕ ಕ್ಯಾಮೆರಾದ ಮೂತಿಯಿಂದ ನಾಲ್ಕೂವರೆ ಸೆಂಟಿಮೀಟರಿನಷ್ಟು ಹಿಂದಿರುತ್ತದೆ. ಖಗೋಳ ಚಿತ್ರೀಕರಣಕ್ಕೆಂದೇ ಮಾಡಿದ ಸಣ್ಣ ಕ್ಯಾಮೆರಾಗಳಲ್ಲಿ ಈ ಅಂತರ ಕಡಿಮೆ ಇರುವುದರಿಂದ ಅವು ಸುಲಭವಾಗಿ ಹೊಂದಿಕೊಳ್ಳುತ್ತವೆ. ಫೋಕಸಿನ ನಿಖರತೆಯೂ ಸಾಮಾನ್ಯವಾದುದಲ್ಲ. ಸಂಗಮದೂರ ಮತ್ತು ವ್ಯಾಸಗಳ ಅನುಪಾತ 5 ಇರುವ ಈ ದೂರದರ್ಶಕದಲ್ಲಿ ಬಿಂಬ ಚೂಪಾಗಿರುವ ವಲಯದ ದಪ್ಪ ಸುಮಾರು 0.07 ಮಿಲಿಮೀಟರ್, ಬರೆಯುವ ಕಾಗದದ ಹಾಳೆಗಿಂತಲೂ ತೆಳು. ರಾತ್ರಿ ತಂಪೇರಿದಂತೆ ಕೊಳವೆ ಕುಗ್ಗಿ ಬಿಂಬ ಅದರಿಂದ ಹೊರಗೆ ಜಾರುತ್ತದೆ. ಒಳಗೆ ಕುಳಿತು ಕೆಲಸ ಮಾಡಬೇಕಾದರೆ ಫೋಕಸರಿಗೆ ಸ್ಟೆಪ್ಪರ್ ಮೋಟಾರ್ ಇರಲೇಬೇಕು. ಕಂಪ್ಯೂಟರ್ ಅದನ್ನು ಹಂತ ಹಂತವಾಗಿ ಸರಿಸಿ, ಪ್ರತಿ ಹಂತದಲ್ಲಿ ನಕ್ಷತ್ರಗಳ ಬಿಂಬದ ಗಾತ್ರವನ್ನು ಅಳೆದು, ಅತಿ ಕಿರಿದಾಗುವ ಸ್ಥಾನಕ್ಕೆ ಮರಳುತ್ತದೆ. ಮೋಟಾರ್ ಇಲ್ಲದವರು ದೂರದರ್ಶಕದ ಬಾಯಿಗೆ ಬಹ್ತಿನೋವ್ ಮುಖವಾಡ ಎಂಬ, ಓರೆ ಸೀಳುಗಳಿರುವ ತಟ್ಟೆಯನ್ನಿಟ್ಟು ಕೈಯಿಂದ ಸರಿಪಡಿಸಬಹುದು, ಆದರೆ ಅದಕ್ಕಾಗಿ ರಾತ್ರಿಯಲ್ಲಿ ಎರಡು ಮೂರು ಸಲ ಅಂಗಳಕ್ಕೆ ಇಳಿಯಬೇಕಾಗುತ್ತದೆ.

ಕ್ಯಾಮೆರಾದ ತಂಪಿನ ಬಗ್ಗೆ ಚಳಿ ದೇಶದವರು ಕೊಡುವ ಸಲಹೆಯನ್ನು ಇಲ್ಲಿ ಹಾಗೆಯೇ ಅನುಸರಿಸಲಾಗದು. ಸಂವೇದಕ ಬೆಚ್ಚಗಿದ್ದಷ್ಟೂ ಬೆಳಕಿಲ್ಲದೆಯೇ ಅದರಲ್ಲಿ ವಿದ್ಯುತ್ ಸಂಗ್ರಹವಾಗಿ ಚಿತ್ರ ಕೆಡುತ್ತದೆ. ಸುಮಾರು 6–7 ಡಿಗ್ರಿ ಸೆಲ್ಸಿಯಸಿಗೊಮ್ಮೆ ಈ ಪ್ರಮಾಣ ಇಮ್ಮಡಿಯಾಗುತ್ತದೆ. ಆದ್ದರಿಂದ ಸೊನ್ನೆಗಿಂತ 10 ಅಥವಾ 20 ಡಿಗ್ರಿ ಕೆಳಗೆ ಇಡಿ ಎನ್ನುವುದು ಅವರ ರೂಢಿ. ಹೆಚ್ಚಿನ ಕ್ಯಾಮೆರಾಗಳ ತಂಪುಕಾರಕ ಹೊರಗಿನ ಉಷ್ಣತೆಗಿಂತ 35 ಡಿಗ್ರಿಯಷ್ಟು ಮಾತ್ರ ಕೆಳಗಿಳಿಯಬಲ್ಲದು. ಮಾರ್ಚಿನ ರಾತ್ರಿ 26 ಡಿಗ್ರಿ ಇರುವಾಗ ಸೊನ್ನೆಗಿಂತ 10 ಕೆಳಗೆ ಕೇಳಿದರೆ ಅದು ತನ್ನ ಪೂರ್ಣ ಶಕ್ತಿಯನ್ನು ಬಳಸಿ, ಬ್ಯಾಟರಿಯನ್ನು ಬರಿದು ಮಾಡಿ, ಆದರೂ ಉಷ್ಣತೆಯನ್ನು ಸ್ಥಿರವಾಗಿಡಲಾರದು. ಸೊನ್ನೆ ಡಿಗ್ರಿಯನ್ನೇ ವರ್ಷವಿಡೀ ನಿಗದಿ ಮಾಡಿಕೊಳ್ಳುವುದು ನಮಗೆ ಹಿತ. ಹಾಗೆ ಮಾಡಿದರೆ ದೂರದರ್ಶಕದ ಬಾಯಿ ಮುಚ್ಚಿ ಅದೇ ಉಷ್ಣತೆಯಲ್ಲಿ ತೆಗೆದಿಟ್ಟ ಕತ್ತಲೆಯ ಚಿತ್ರಗಳನ್ನು ಎಲ್ಲ ರಾತ್ರಿಗಳ ಚಿತ್ರಗಳಿಂದಲೂ ಕಳೆಯಬಹುದು.

ಮೌಂಟಿನ ವಿಷಯದಲ್ಲಿ ನಮ್ಮ ಜಾಗದ ಗುಣ ಇನ್ನೂ ಸ್ಪಷ್ಟವಾಗುತ್ತದೆ. ಭೂಮಿಯ ತಿರುಗುವಿಕೆಯಿಂದಾಗಿ ಆಕಾಶ ಸೆಕೆಂಡಿಗೆ 15 ವಿಕಲೆಯಂತೆ ಸರಿಯುತ್ತದೆ. ದೂರದರ್ಶಕ ಕದಲದೆ ನಿಂತರೆ ಎರಡು ನಿಮಿಷದ ಚಿತ್ರದಲ್ಲಿ ನಕ್ಷತ್ರ 1800 ವಿಕಲೆ, ಅಂದರೆ ನಾವು ಮೇಲೆ ಲೆಕ್ಕ ಹಾಕಿದ ಚೌಕಟ್ಟಿನ ಅರ್ಧದಷ್ಟು ದೂರ ಗೆರೆ ಎಳೆದಿರುತ್ತದೆ. ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತನ್ನ ಒಂದು ಅಕ್ಷವನ್ನಿಟ್ಟ ಮೌಂಟ್ ಒಂದೇ ಮೋಟಾರಿನಿಂದ ಈ ಚಲನೆಯನ್ನು ಸರಿದೂಗಿಸುತ್ತದೆ. ಅದನ್ನು ಹಾಗೆ ನಿಲ್ಲಿಸಲು ಧ್ರುವ ನಕ್ಷತ್ರವನ್ನು ನೋಡುವುದು ವಾಡಿಕೆ. ಕಾಸರಗೋಡಿನ ಅಕ್ಷಾಂಶ ಸುಮಾರು 12.5 ಡಿಗ್ರಿ, ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಮೇಲೆ. 15 ಮೀಟರ್ ಎತ್ತರದ ಅಡಿಕೆ ಮರವೊಂದು ಸಮನೆಲದಲ್ಲಿ ಉತ್ತರಕ್ಕೆ 68 ಮೀಟರಿಗಿಂತ ಹತ್ತಿರವಿದ್ದರೆ ಧ್ರುವ ನಕ್ಷತ್ರ ಅದರ ಮರೆಯಲ್ಲಿ ಹೋಯಿತು. ಪೊಸಡಿ ಗುಂಪೆಯಂತಹ ಬೋಳು ಗುಡ್ಡದ ನೆತ್ತಿಯಲ್ಲೋ ಪದವಿನಲ್ಲೋ ಅಲ್ಲದೆ, ತೋಟದ ನಡುವಿನ ಮನೆಯಂಗಳದಿಂದ ಅದು ಕಾಣುವುದು ಅಪರೂಪ. ಅಕ್ಷವನ್ನು ಇಷ್ಟು ಕೆಳಕ್ಕೆ ಬಗ್ಗಿಸುವುದೇ ಕೆಲವು ಮೌಂಟುಗಳಿಗೆ ಆಗುವುದಿಲ್ಲ, ಬಗ್ಗಿಸಲಾದರೂ ಕೆಲವುದರಲ್ಲಿ ಸಮತೋಲನದ ತೂಕ ಮುಕ್ಕಾಲಿಯ ಕಾಲಿಗೆ ಬಡಿಯುತ್ತದೆ. ಕೊಳ್ಳುವ ಮೊದಲು ಅದರ ಕನಿಷ್ಠ ಅಕ್ಷಾಂಶವನ್ನು ವಿಚಾರಿಸಿಕೊಳ್ಳಬೇಕು. 15 ಡಿಗ್ರಿ ಎಂದಿದ್ದರೆ ಅದು ನಮಗೆ ಒದಗುವುದಿಲ್ಲ. ಮುಕ್ಕಾಲಿಗಿಂತ ನೆಲದಲ್ಲಿ ಆಳವಾಗಿ ಹೂತ ಕಾಂಕ್ರೀಟು ಕಂಬ ಎಲ್ಲ ರೀತಿಯಲ್ಲೂ ಮೇಲು. ಆಕಾಶ ತಿಳಿಯಾಗಿರುವ ನವೆಂಬರಿನಿಂದ ಮಾರ್ಚಿನವರೆಗಿನ ಕಾಲವೇ ಅಂಗಳದ ತುಂಬ ಅಡಿಕೆ ಹರಡುವ ಕಾಲವೂ ಆದ್ದರಿಂದ ಕಂಬವನ್ನು ಅಂಗಳದ ಅಂಚಿನಲ್ಲಿ, ನಡೆದಾಡುವವರ ಹೆಜ್ಜೆಯ ಕಂಪನ ತಾಗದಂತೆ ಅಂಗಳದ ಕಾಂಕ್ರೀಟಿನಿಂದ ಬೇರ್ಪಡಿಸಿ ನಿಲ್ಲಿಸುವುದು ಮನೆಯವರಿಗೂ ಅನುಕೂಲ.

ಧ್ರುವ ನಕ್ಷತ್ರ ಕಾಣದಿದ್ದರೂ ಅಕ್ಷವನ್ನು ಸರಿಪಡಿಸಲು ಇಂದು ತೊಂದರೆಯಿಲ್ಲ, ಮತ್ತು ಇದನ್ನು ಸಾಧ್ಯವಾಗಿಸಿದ ಪ್ಲೇಟ್ ಸಾಲ್ವಿಂಗ್ ಎಂಬ ವಿಧಾನವೇ ಇಡೀ ದೂರನಿಯಂತ್ರಣದ ಬೆನ್ನೆಲುಬು ಎಂದು ನಾನು ತಿಳಿಯುತ್ತೇನೆ. ಕ್ಯಾಮೆರಾ ಕೆಲವು ಸೆಕೆಂಡುಗಳ ಒಂದು ಚಿತ್ರ ತೆಗೆಯುತ್ತದೆ. ಆಸ್ಟ್ಯಾಪ್‌ನಂತಹ ತಂತ್ರಾಂಶ ಅದರಲ್ಲಿ ನಾಲ್ಕು ನಾಲ್ಕು ನಕ್ಷತ್ರಗಳ ಗುಂಪುಗಳನ್ನು ಗುರುತಿಸಿ, ಅವುಗಳ ನಡುವಿನ ಅಂತರಗಳ ಅನುಪಾತವನ್ನು ತನ್ನಲ್ಲಿರುವ ನಕ್ಷತ್ರಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಅನುಪಾತವನ್ನು ನೋಡುವುದರಿಂದ ಚಿತ್ರ ಎಷ್ಟು ತಿರುಗಿದ್ದರೂ ಅಡ್ಡಿಯಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಚಿತ್ರದ ನಡುಬಿಂದು ಆಕಾಶದ ಯಾವ ಜಾಗ ಎಂಬುದು ವಿಕಲೆಗಳ ನಿಖರತೆಯಲ್ಲಿ ತಿಳಿಯುತ್ತದೆ. ದೂರದರ್ಶಕ ತಪ್ಪು ಜಾಗಕ್ಕೆ ತಿರುಗಿದ್ದರೆ ಎಷ್ಟು ತಪ್ಪಿದೆ ಎಂದು ಮೌಂಟಿಗೆ ತಿಳಿಸಿ ಮತ್ತೆ ತಿರುಗಿಸಿದರಾಯಿತು. ಮೌಂಟನ್ನು ಒಂದೇ ಅಕ್ಷದ ಸುತ್ತ ಸ್ವಲ್ಪ ಸ್ವಲ್ಪ ತಿರುಗಿಸಿ ಮೂರು ಕಡೆ ಹೀಗೆ ಚಿತ್ರ ತೆಗೆದರೆ ಆ ಮೂರು ಬಿಂದುಗಳು ಒಂದು ವೃತ್ತದ ಮೇಲಿರುತ್ತವೆ. ವೃತ್ತದ ಕೇಂದ್ರವೇ ಮೌಂಟಿನ ಅಕ್ಷ. ಅದು ನಿಜವಾದ ಧ್ರುವದಿಂದ ಎಷ್ಟು ಸರಿದಿದೆ ಎಂಬುದನ್ನು ಪರದೆಯಲ್ಲಿ ನೋಡುತ್ತ ತಿರುಪುಗಳನ್ನು ಹೊಂದಿಸಬಹುದು. ಉತ್ತರ ದಿಕ್ಕು ಪೂರ್ತಿ ಮರೆಯಾಗಿದ್ದರೂ ಪೂರ್ವದ ಅಥವಾ ದಕ್ಷಿಣದ ಒಂದು ತುಂಡು ಆಕಾಶ ಇದಕ್ಕೆ ಸಾಕು. ನಕ್ಷತ್ರಪಟ್ಟಿ ಕಂಪ್ಯೂಟರಿನಲ್ಲಿಯೇ ಇರುವುದರಿಂದ ಇಂಟರ್ನೆಟ್ಟಿನ ಅಗತ್ಯವೂ ಇಲ್ಲ.

ಇಲ್ಲಿ ಸಮಯ ಮತ್ತು ಸ್ಥಳದ ವಿವರ ಸರಿಯಾಗಿರಬೇಕು. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ, ಕಾಸರಗೋಡು 75 ಡಿಗ್ರಿಯಲ್ಲಿದೆ. ನಮ್ಮ ನಿಜವಾದ ಸ್ಥಳೀಯ ಕಾಲ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಈ ವ್ಯತ್ಯಾಸವನ್ನು ತಂತ್ರಾಂಶವೇ ರೇಖಾಂಶದಿಂದ ಲೆಕ್ಕ ಹಾಕುತ್ತದೆ, ನಾವು ಕೊಡಬೇಕಾದುದು ಐದೂವರೆ ಗಂಟೆಯ ಕಾಲವಲಯ ಮತ್ತು ನಿಖರ ರೇಖಾಂಶ ಮಾತ್ರ. ಕಾಲವಲಯವನ್ನು ಐದೂವರೆಯ ಬದಲು ಐದು ಎಂದು ಕೊಟ್ಟರೆ ದೂರದರ್ಶಕ 7.5 ಡಿಗ್ರಿ ಆಚೆಗೆ ತಿರುಗುತ್ತದೆ.

ತಂತ್ರಾಂಶಗಳ ಹೆಸರುಗಳನ್ನು ಕೇಳಿ ಗಾಬರಿಯಾಗುವವರಿಗೆ ಅವುಗಳ ಪದರಗಳನ್ನು ತಿಳಿಸುವುದು ಉಪಯುಕ್ತ. ತಳದಲ್ಲಿ ಪ್ರತಿಯೊಂದು ಉಪಕರಣದ ತಯಾರಕರು ಕೊಡುವ ಚಾಲಕ ತಂತ್ರಾಂಶವಿದೆ. ಅದರ ಮೇಲೆ, ಯಾವ ಕಂಪನಿಯ ಮೌಂಟೇ ಆಗಲಿ ಕ್ಯಾಮೆರಾವೇ ಆಗಲಿ, ಒಂದೇ ಬಗೆಯ ಆಜ್ಞೆಗಳಿಗೆ ಓಗೊಡುವಂತೆ ಮಾಡುವ ಮಧ್ಯಸ್ಥ ಪದರ: ವಿಂಡೋಸಿನಲ್ಲಿ ಆಸ್ಕಾಮ್, ಲಿನಕ್ಸಿನಲ್ಲಿ ಇಂಡಿ. ಅದರ ಮೇಲೆ ರಾತ್ರಿಯ ಕಾರ್ಯಕ್ರಮವನ್ನು ನಡೆಸುವ ತಂತ್ರಾಂಶ: ವಿಂಡೋಸಿಗೆ ನೀನಾ, ಲಿನಕ್ಸಿಗೆ ಕೆಸ್ಟಾರ್ಸ್ ಮತ್ತು ಅದರೊಳಗಿನ ಎಕೋಸ್. ಇವೆಲ್ಲವೂ ಉಚಿತ. ಮನೆಯಲ್ಲಿ ಈಗಾಗಲೇ ವಿಂಡೋಸ್ ಲ್ಯಾಪ್‌ಟಾಪ್ ಇದ್ದವರು ಆಸ್ಕಾಮ್ ಮತ್ತು ನೀನಾದಿಂದ ಆರಂಭಿಸುವುದು ಸುಲಭ. ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ರಾಸ್ಪ್‌ಬೆರಿ ಪೈಯನ್ನು ಕಂಬಕ್ಕೆ ಕಟ್ಟಲು ಇಷ್ಟಪಡುವವರಿಗೆ ಇಂಡಿ ಹೇಳಿ ಮಾಡಿಸಿದಂತಿದೆ. ಇಂಡಿಯಲ್ಲಿ ಉಪಕರಣಗಳನ್ನು ನಡೆಸುವ ಸರ್ವರ್ ಮತ್ತು ನಾವು ನೋಡುವ ತಂತ್ರಾಂಶ ಮೊದಲಿನಿಂದಲೂ ಬೇರೆ ಬೇರೆ ಆಗಿದ್ದು, ನೆಟ್‌ವರ್ಕಿನ ಮೂಲಕ ಮಾತಾಡಿಕೊಳ್ಳುತ್ತವೆ. ಇದರಿಂದ ಒಂದು ಪ್ರಲೋಭನೆಯೂ ಹುಟ್ಟುತ್ತದೆ: ಸರ್ವರನ್ನು ಮಾತ್ರ ಕಂಬದಲ್ಲಿಟ್ಟು ಎಕೋಸನ್ನು ಮನೆಯ ಕಂಪ್ಯೂಟರಿನಲ್ಲಿ ನಡೆಸಬಹುದು. ಹಾಗೆ ಮಾಡಿದರೆ ನೆಟ್‌ವರ್ಕ್ ಕಡಿದ ಕ್ಷಣದಲ್ಲಿ ಕಾರ್ಯಕ್ರಮವೇ ನಿಂತುಹೋಗುತ್ತದೆ. ಎಕೋಸ್ ಕೂಡ ಕಂಬದಲ್ಲಿಯೇ ಇರಲಿ, ನಾವು ಅದರ ಪರದೆಯನ್ನು ಮಾತ್ರ ದೂರದಿಂದ ನೋಡೋಣ.

ಹೀಗೇಕೆ ಒತ್ತಿ ಹೇಳುತ್ತಿದ್ದೇನೆ ಎಂಬುದು ಗೈಡಿಂಗ್ ಅನ್ನು ಗಮನಿಸಿದರೆ ತಿಳಿಯುತ್ತದೆ. ಮೌಂಟಿನ ಗೇರಿನಲ್ಲಿರುವ ಸಣ್ಣ ಓರೆಕೋರೆಗಳಿಂದ ದೂರದರ್ಶಕ ಎಂಟು ಹತ್ತು ನಿಮಿಷಗಳ ಒಂದು ಸುತ್ತಿನಲ್ಲಿ ಹತ್ತಾರು ವಿಕಲೆಗಳಷ್ಟು ಹಿಂದೆ ಮುಂದೆ ತೂಗುತ್ತದೆ. ಪಕ್ಕದಲ್ಲಿ ಕಟ್ಟಿದ ಪುಟ್ಟ ದೂರದರ್ಶಕ ಮತ್ತು ಎರಡನೆಯ ಕ್ಯಾಮೆರಾ ಒಂದು ನಕ್ಷತ್ರವನ್ನು ಸೆಕೆಂಡಿಗೊಮ್ಮೆ ಎರಡು ಸೆಕೆಂಡಿಗೊಮ್ಮೆ ನೋಡಿ, ಪಿಎಚ್‌ಡಿ2 ಎಂಬ ತಂತ್ರಾಂಶ ಅದರ ಬಿಂಬದ ನಡುವನ್ನು ಪಿಕ್ಸೆಲಿನ ಹತ್ತನೆಯ ಒಂದು ಭಾಗದಷ್ಟು ನಿಖರವಾಗಿ ಅಳೆದು, ಮೌಂಟಿಗೆ ತಿದ್ದುಪಡಿ ಕಳುಹಿಸುತ್ತದೆ. ಈ ಅಳತೆ ಮತ್ತು ತಿದ್ದುಪಡಿಯ ನಡುವೆ ನೆಟ್‌ವರ್ಕಿನಿಂದಾಗುವ ತಡ ಎರಡು ಸೆಕೆಂಡಾದರೆ, ತಿದ್ದುಪಡಿ ತಲುಪುವ ಹೊತ್ತಿಗೆ ದೂರದರ್ಶಕ ಬೇರೆ ಕಡೆಗೆ ತೂಗಿರುತ್ತದೆ, ತಿದ್ದುಪಡಿಯೇ ದೋಷವಾಗುತ್ತದೆ. ಗ್ರಹಗಳ ಚಿತ್ರೀಕರಣದಲ್ಲಿ ಕಾರಣ ಬೇರೆ, ತೀರ್ಮಾನ ಅದೇ. ಗುರುವಿನದೋ ಶನಿಯದೋ ಚಿತ್ರಕ್ಕೆ ಸಾವಿರಾರು ಚೌಕಟ್ಟುಗಳ ವಿಡಿಯೋ ತೆಗೆದು, ಗಾಳಿ ನಿಂತ ಕ್ಷಣದ ಚೌಕಟ್ಟುಗಳನ್ನು ಮಾತ್ರ ಆರಿಸಿ ಕೂಡಿಸುತ್ತಾರೆ. 640ಕ್ಕೆ 480 ಪಿಕ್ಸೆಲಿನ ಕಿರು ಚೌಕಟ್ಟನ್ನು ಸೆಕೆಂಡಿಗೆ 60ರಂತೆ ತೆಗೆದರೂ ಸೆಕೆಂಡಿಗೆ 18 ಮೆಗಾಬೈಟ್ ಹರಿಯುತ್ತದೆ. ಅದು ನೇರವಾಗಿ ಕಂಬದ ಕಂಪ್ಯೂಟರಿನ ಎಸ್‌ಎಸ್‌ಡಿಗೆ ಇಳಿಯಬೇಕು. ನೀಹಾರಿಕೆಗಳ ವಿಷಯದಲ್ಲಿ ಅಷ್ಟು ಅವಸರವಿಲ್ಲ: ನಮ್ಮ ಚೌಕ ಸಂವೇದಕದ ಒಂದು ಚಿತ್ರ 18 ಮೆಗಾಬೈಟ್, ಎರಡು ನಿಮಿಷಕ್ಕೊಂದರಂತೆ ಆರು ಗಂಟೆಗೆ 180 ಚಿತ್ರ, ಒಟ್ಟು ಮೂರೂಕಾಲು ಗಿಗಾಬೈಟ್. ಬೆಳಿಗ್ಗೆ ಅದನ್ನು ಮನೆಯ ಕಂಪ್ಯೂಟರಿಗೆ ನಕಲಿಸಿ ಸಿರಿಲ್ ಎಂಬ ಉಚಿತ ತಂತ್ರಾಂಶದಲ್ಲಿ ಒಟ್ಟುಗೂಡಿಸಬಹುದು.

ಮನೆಯೊಳಗಿಂದ ನಡೆಸುವುದು ಒಂದಾದರೆ, ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಉದ್ಯೋಗದಲ್ಲಿದ್ದುಕೊಂಡು ಊರಿನ ಮನೆಯ ದೂರದರ್ಶಕವನ್ನು ನಡೆಸುವುದು ಇನ್ನೊಂದು. ಕಂಬದ ಕಂಪ್ಯೂಟರಿನ ಪರದೆಯನ್ನು ನೋಡಲು ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಚೆನ್ನಾಗಿದೆ, ಆದರೆ ಹೋಮ್ ಆವೃತ್ತಿಯ ವಿಂಡೋಸ್ ಇರುವ ಕಂಪ್ಯೂಟರಿಗೆ ಅದರ ಮೂಲಕ ಒಳಬರಲಾಗುವುದಿಲ್ಲ; ಅಂಥವರು ವಿಎನ್‌ಸಿ ಅಥವಾ ರಸ್ಟ್‌ಡೆಸ್ಕ್ ಬಳಸಬಹುದು. ಹೊರಗಿನ ಜಗತ್ತಿನಿಂದ ಮನೆಯ ನೆಟ್‌ವರ್ಕಿಗೆ ಬರಲು ರೌಟರಿನಲ್ಲಿ ಬಾಗಿಲು ತೆರೆದಿಡುವ ಹಳೆಯ ವಿಧಾನ ಈಗ ಹಲವೆಡೆ ಕೆಲಸವನ್ನೇ ಮಾಡುವುದಿಲ್ಲ, ಏಕೆಂದರೆ ಸೇವಾದಾರರು ಅನೇಕ ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿರುತ್ತಾರೆ. ಕೆಲಸ ಮಾಡುವಲ್ಲಿಯೂ ಹಾಗೆ ಮಾಡಬಾರದು. ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲನ್ನು ತಟ್ಟುವ ಕಳ್ಳ ತಂತ್ರಾಂಶಗಳು ಅಂತರ್ಜಾಲದಲ್ಲಿ ಸದಾ ಅಲೆಯುತ್ತಿರುತ್ತವೆ. ವೈರ್‌ಗಾರ್ಡ್ ತಂತ್ರಜ್ಞಾನದ ಮೇಲೆ ಕಟ್ಟಿದ ಟೇಲ್‌ಸ್ಕೇಲ್‌ನಂತಹ ಖಾಸಗಿ ಜಾಲವನ್ನು ಎರಡೂ ಕಂಪ್ಯೂಟರುಗಳಲ್ಲಿ ಹಾಕಿದರೆ ಅವು ಒಂದೇ ಮನೆಯಲ್ಲಿರುವಂತೆ ಸುರಕ್ಷಿತವಾಗಿ ಮಾತಾಡಿಕೊಳ್ಳುತ್ತವೆ. ಕರೆಂಟು ಹೋಗಿ ಬಂದಾಗ ಕಂಪ್ಯೂಟರ್ ತಾನಾಗಿ ಚಾಲೂ ಆಗುವಂತೆ ಅದರ ಬಯಾಸ್‌ ಎಂಬ ಮೂಲ ತಂತ್ರಾಂಶದಲ್ಲಿ ಹೊಂದಿಸಬೇಕು, ನಿದ್ರಾಸ್ಥಿತಿಯನ್ನೂ ಯುಎಸ್‌ಬಿಯ ವಿದ್ಯುತ್ ಉಳಿತಾಯವನ್ನೂ ನಿಲ್ಲಿಸಬೇಕು, ವಿಂಡೋಸಿನ ನವೀಕರಣವನ್ನು ಹಗಲಿಗೆ ಸೀಮಿತಗೊಳಿಸಬೇಕು.

ದೂರದಿಂದ ನಡೆಸುವವರಿಗೆ ಕಾಣದಿರುವ ಮುಖ್ಯ ವಸ್ತು ಆಕಾಶವೇ. ಕಂಬದ ಪಕ್ಕದಲ್ಲಿ ಇಡೀ ಆಕಾಶವನ್ನು ನೋಡುವ ಅಗಲ ಮಸೂರದ ಸಣ್ಣ ಕ್ಯಾಮೆರಾ ಇರಲಿ. ತೆರೆದು ಮುಚ್ಚುವ ಮಾಡು ಇರುವ ವೀಕ್ಷಣಾಲಯವನ್ನು ಕಟ್ಟುವವರು ಮಳೆಹನಿಯ ಸಂವೇದಕವನ್ನು ಮಾಡಿನ ಮೋಟಾರಿನ ನಿಯಂತ್ರಕಕ್ಕೆ ನೇರವಾಗಿ ಜೋಡಿಸಬೇಕು. ಮಳೆಯ ಸುದ್ದಿ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ನಮಗೆ ಬಂದು, ನಾವು ಒಪ್ಪಿಗೆ ಕೊಟ್ಟ ಮೇಲೆ ಮಾಡು ಮುಚ್ಚುವುದಾದರೆ ಅಷ್ಟರಲ್ಲಿ ಕನ್ನಡಿ ನೆನೆದಿರುತ್ತದೆ. ಮುಚ್ಚುವಾಗ ದೂರದರ್ಶಕ ಮಾಡಿನ ದಾರಿಯಲ್ಲಿರಬಾರದು, ಆದ್ದರಿಂದ ಮಾಡನ್ನು ದೂರದರ್ಶಕ ಯಾವ ದಿಕ್ಕಿಗಿದ್ದರೂ ತಾಗದಷ್ಟು ಎತ್ತರಕ್ಕೆ ಕಟ್ಟುವುದೇ ಕ್ಷೇಮ. ಮೌಂಟ್ ಯಾಮ್ಯೋತ್ತರ ರೇಖೆಯನ್ನು, ಅಂದರೆ ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹೋಗುವ ಗೆರೆಯನ್ನು, ದಾಟುವಾಗ ದೂರದರ್ಶಕ ಮಗ್ಗುಲು ಬದಲಿಸಬೇಕು. ಬದಲಿಸದೆ ಮುಂದುವರಿದರೆ ಕ್ಯಾಮೆರಾ ಕಂಬಕ್ಕೆ ಗುದ್ದುತ್ತದೆ. ಈ ಮಿತಿಯನ್ನು ತಂತ್ರಾಂಶದಲ್ಲಿ ಮಾತ್ರವಲ್ಲದೆ ಮೌಂಟಿನ ಒಳಗೂ ಬರೆದಿಡಬೇಕು. ನೆತ್ತಿಯ ಸುತ್ತಲೇ ಗ್ರಹಗಳು ಹಾದುಹೋಗುವ ನಮ್ಮ ಅಕ್ಷಾಂಶದಲ್ಲಿ ಇದು ಪ್ರತಿ ರಾತ್ರಿಯ ಪ್ರಶ್ನೆ.

ಅದೇ ಅಕ್ಷಾಂಶ ಕೊಡುವ ಸೌಭಾಗ್ಯವೂ ಇದೆ. ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿರುವ ಕವಲೂರಿನ ವೈನು ಬಪ್ಪು ವೀಕ್ಷಣಾಲಯ, ಅಲ್ಲಿನ 2.34 ಮೀಟರಿನ ದೂರದರ್ಶಕ, ಕಾಸರಗೋಡಿನ ನೇರ ಪೂರ್ವಕ್ಕೆ, ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿವೆ. ದಕ್ಷಿಣದ ಆಕಾಶ ಹೆಚ್ಚು ಕಾಣುವುದು ಆ ಜಾಗದ ದೊಡ್ಡ ಗುಣ. ಕಿನ್ನರ ರಾಶಿಯಲ್ಲಿರುವ ಒಮೇಗಾ ಸೆಂಟಾರಿ ಎಂಬ ಭವ್ಯವಾದ ಗೋಳಾಕಾರದ ನಕ್ಷತ್ರಗುಚ್ಛ ದೆಹಲಿಯಲ್ಲಿ 14 ಡಿಗ್ರಿಗಿಂತ ಮೇಲೇಳುವುದಿಲ್ಲ, ಇಲ್ಲಿ 30 ಡಿಗ್ರಿ ಏರುತ್ತದೆ. ಏಪ್ರಿಲ್ ರಾತ್ರಿ ಗುಡುಗಿಲ್ಲದ ದಿನ ದಕ್ಷಿಣ ದಿಕ್ಕು ತೆರೆದಿರುವ ಅಂಗಳದಿಂದ ಅದನ್ನು ಚಿತ್ರಿಸದೆ ಬಿಡಬಾರದು.

ಉಳಿದಿರುವುದು ತೇವದ ಮಾತು. ಡಿಸೆಂಬರ್–ಜನವರಿಯ ತಿಳಿ ರಾತ್ರಿಗಳಲ್ಲಿ ಇಬ್ಬನಿ ಮಸೂರದ ಮೇಲೆ ಕೂರದಂತೆ ಹೀಟರ್ ಪಟ್ಟಿ ಗಾಜನ್ನು ಸುತ್ತಲಿನ ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿಟ್ಟರೆ ಸಾಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಎಲ್ಲವನ್ನೂ ಕಳಚಿ ಒಳಗಿಡಬೇಕು. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಪೆಟ್ಟಿಗೆಯಲ್ಲಿ ತೇವಾಂಶ ಅರ್ಧಕ್ಕಿಂತ ಕಡಿಮೆಯಿರುವಂತೆ ನೋಡಿಕೊಳ್ಳದಿದ್ದರೆ ಮಸೂರಗಳ ಮೇಲೆ ಬೂಷ್ಟು ಬೆಳೆದು ಅವುಗಳ ಲೇಪವನ್ನೇ ತಿನ್ನುತ್ತದೆ. ಆ ನಾಲ್ಕು ತಿಂಗಳು ವ್ಯವಸ್ಥೆಯನ್ನು ಕಲಿಯಲು ಒಳ್ಳೆಯ ಕಾಲ. ಆಸ್ಕಾಮ್ ಮತ್ತು ಇಂಡಿ ಎರಡರಲ್ಲಿಯೂ ಕೃತಕ ಮೌಂಟ್, ಕೃತಕ ಕ್ಯಾಮೆರಾ, ಕೃತಕ ಫೋಕಸರ್‌ಗಳ ಚಾಲಕಗಳಿವೆ. ಯಾವ ಉಪಕರಣವನ್ನೂ ಜೋಡಿಸದೆ ಇವುಗಳೊಂದಿಗೆ ಒಂದು ಇಡೀ ರಾತ್ರಿಯ ಕಾರ್ಯಕ್ರಮವನ್ನು ಬರೆದು ನಡೆಸಿ ನೋಡಬಹುದು. ನಡೆಯುತ್ತಿರುವಾಗ ನೆಟ್‌ವರ್ಕ್ ಕೇಬಲನ್ನು ಕಿತ್ತು ಅರ್ಧ ಗಂಟೆ ಕಾಯಬೇಕು, ಮತ್ತೆ ಜೋಡಿಸಿ ನೋಡಿದಾಗ ಆ ಅರ್ಧ ಗಂಟೆಯ ಚಿತ್ರಗಳೆಲ್ಲ ಸಾಲಾಗಿ ಉಳಿದಿದ್ದರೆ ಕಂಬದ ಕಂಪ್ಯೂಟರಿನ ಹೊಂದಾಣಿಕೆ ಸರಿಯಾಗಿದೆ. ಚಿತ್ರಗಳು ನಡುವೆ ನಿಂತಿದ್ದರೆ, ಯಾವುದೋ ಒಂದು ಕೆಲಸ ಇನ್ನೂ ಮನೆಯೊಳಗಿನ ಕಂಪ್ಯೂಟರನ್ನು ಅವಲಂಬಿಸಿದೆ ಎಂದು ತಿಳಿದು ಅದನ್ನು ಹುಡುಕಿ ಕಂಬಕ್ಕೆ ಸಾಗಿಸಲು ಅಕ್ಟೋಬರಿನವರೆಗೆ ಸಮಯವಿದೆ.